ತಿರುಮಲೇಶ್ವರಯ್ಯನವರ ಹ್ಯಾಂಡಲ್ ನಡುಕ

"ಈ ಹ್ಯಾಂಡಲ್ಲಿನ ನಡುಕ ನಾನೇ ನಿಲ್ಲಿಸ್ತೀನಿ! ಯಾರ ಹಂಗೂ ಬೇಡ ನನಗೆ!"

ಹೀಗೆಂದು ತಿರುಮಲೇಶ್ವರಯ್ಯನವರು ಮಡಿಕೇರಿಯ ತಮ್ಮ ಮನೆಯ ಅಂಗಳದಲ್ಲಿ ನಿಂತು ಘೋಷಣೆ ಮಾಡಿದರು. ಸ್ಪಾನರ್ ಹಿಡಿದ ಕೈಯನ್ನು ಮೇಲೆತ್ತಿ, ಎದೆಯುಬ್ಬಿಸಿ, ಗಂಟಲು ಸರಿಮಾಡಿಕೊಂಡೇ ಮಾಡಿದರು. ಆದರೆ ಕೇಳುವವರು ಯಾರಿದ್ದರು? ಬೇಲಿಯ ಮೇಲೆ ಒಂದು ಕಾಗೆ ಇತ್ತು. ಅದೂ ಘೋಷಣೆ ಮುಗಿಯುವ ತನಕ ನಿಲ್ಲಲಿಲ್ಲ.

ತಿರುಮಲೇಶ್ವರಯ್ಯನವರು ಸಾಮಾನ್ಯರಲ್ಲ. ಕೊಡಗು ಇನ್ನೂ ಪ್ರತ್ಯೇಕ ರಾಜ್ಯವಾಗಿದ್ದ ಆ ಕಾಲದಲ್ಲಿ ಇಡೀ ರಾಜ್ಯಕ್ಕೆ ತೂಕ-ಅಳತೆಯ ಇನ್ಸ್‌ಪೆಕ್ಟರು ಅವರೊಬ್ಬರೇ. ರಾಜ್ಯ ಎಂದ ಕೂಡಲೇ ಗಾಬರಿಯಾಗಬೇಡಿ. ಬೆಳಿಗ್ಗೆ ತಿಂಡಿ ತಿಂದು ಹೊರಟರೆ ಮಧ್ಯಾಹ್ನದ ಊಟಕ್ಕೆ ಮೊದಲೇ ಗಡಿ ಸಿಕ್ಕಿಬಿಡುವಂಥ ರಾಜ್ಯ ಅದು. ಆದರೂ ಫ್ರೇಜರ್‌ಪೇಟೆಯಿಂದ ಕುಟ್ಟದವರೆಗೆ ತಕ್ಕಡಿ ಹಿಡಿದವರಿಗೆಲ್ಲ ಅವರೆಂದರೆ ಚಳಿಜ್ವರ. ಕಡಿಮೆ ತೂಕದ ಕಲ್ಲು ಸಿಕ್ಕಿದರೆ ಅವರು ಯಾರನ್ನೂ ಕೋರ್ಟು ಕಚೇರಿ ಅಲೆಸುತ್ತಿರಲಿಲ್ಲ. ಅದಕ್ಕೆ ಅವರದೇ ಒಂದು ಶಿಕ್ಷೆಯಿತ್ತು. ಅಂಗಡಿಯವನು ತನ್ನ ಬಾಗಿಲಲ್ಲಿ ನಿಂತು ಬೀದಿಗೆಲ್ಲ ಕೇಳುವಂತೆ "ನನ್ನ ತೂಕ ತಪ್ಪು!" ಎಂದು ಕೂಗಬೇಕು. ಇನ್ಸ್‌ಪೆಕ್ಟರು ರಸ್ತೆಯ ಆಚೆ ನಿಂತು, ಕಿವಿಗೆ ಕೈ ಹಿಡಿದು, "ಕೇಳಿಸ್ಲಿಲ್ಲ!" ಅನ್ನುವರು. ಅವನು ಮತ್ತೆ ಕೂಗಬೇಕು. ಕುಟ್ಟದ ದಿನಸಿ ವ್ಯಾಪಾರಿ ಬೊಳ್ಳಪ್ಪನಂತೂ ಗಂಟಲು ಕಟ್ಟುವವರೆಗೆ ಕೂಗಿದ್ದ. ಆಮೇಲೆ ಎಷ್ಟೋ ದಿನ ಗಿರಾಕಿಗಳ ಹತ್ತಿರ ಕೈಸನ್ನೆಯಲ್ಲೇ ವ್ಯಾಪಾರ ಮಾಡಿದನಂತೆ.

ಇಂಥ ಇನ್ಸ್‌ಪೆಕ್ಟರ ವಾಹನವೂ ಸಾಮಾನ್ಯದ್ದಲ್ಲ. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಮಿಲಿಟರಿಯವರು ಬೇಡವೆಂದು ಮಾರಿದ ಮೋಟಾರ್ ಸೈಕಲ್ಲು ಅದು. ಎಡಗಡೆಗೆ ಒಬ್ಬರು ಕೂರುವ ಒಂದು ಸೈಡ್‌ಕಾರು, ಅದಕ್ಕೆ ಮೂರನೆಯ ಚಕ್ರ. ಊರಿನ ಜನ ಆ ಸೈಡ್‌ಕಾರನ್ನು ತೊಟ್ಟಿಲು ಎನ್ನುತ್ತಿದ್ದರು. ಮಕ್ಕಳಿಲ್ಲದ ಆ ಮನೆಗೆ ಇದ್ದ ತೊಟ್ಟಿಲು ಅದೊಂದೇ. ಅದರಲ್ಲಿ ಕೂರುತ್ತಿದ್ದವರು ಇನ್ಸ್‌ಪೆಕ್ಟರ ಹೆಂಡತಿ ಅನ್ನಪೂರ್ಣೇಶ್ವರಿ. ಊರವರಿಗೆ ಅನ್ನಪೂರ್ಣಮ್ಮ, ಗಂಡನಿಗೆ ಬರೀ "ಏ ಇಲ್ನೋಡು".

ಇನ್ಸ್‌ಪೆಕ್ಟರು ತಪಾಸಣೆಗೆ ಹೊರಟರೆ ಅನ್ನಪೂರ್ಣಮ್ಮನೂ ಬುತ್ತಿ ಕಟ್ಟಿಕೊಂಡು ಹೊರಡುವರು. ದಾರಿಯುದ್ದಕ್ಕೂ ಇಬ್ಬರದೂ ಕಿರುಚಾಟ. ಜಗಳವಲ್ಲ, ಎಂಜಿನ್ನಿನ ಸದ್ದಿನಲ್ಲಿ ಮಾತಾಡಬೇಕಲ್ಲ!

"ಏ ಇಲ್ನೋಡು, ಆ ಕಾಫಿ ಹೂ ನೋಡಿದ್ಯಾ!"

"ನೋಡ್ದೆ! ನೀವು ಮುಂದೆ ನೋಡಿ!"

"ಅಲ್ನೋಡು, ಎಂಥಾ ಹೋರಿ!"

"ನಾನು ನೋಡ್ತೀನಿ! ನೀವು ಮುಂದೆ ನೋಡೀ...!"

ಊರಿಗೆ ಮರಳುವಾಗ ಮಡಿಕೇರಿ ಹತ್ತಿರದ ಮೇಕೇರಿಯ ಏರು ಬಂದರೆ ಗಾಡಿ ಏದುಸಿರು ಬಿಡುತ್ತಿತ್ತು. ಆಗ ಇನ್ಸ್‌ಪೆಕ್ಟರು "ಇಳಿ, ಇಳಿ, ನಿನ್ನ ಭಾರಕ್ಕೆ ಹತ್ತೋದಿಲ್ಲ" ಎನ್ನುವರು. ಅನ್ನಪೂರ್ಣಮ್ಮ ಬುತ್ತಿಯ ಖಾಲಿ ಡಬ್ಬಿ ಹಿಡಿದುಕೊಂಡು ಏರನ್ನು ನಡೆದೇ ಹತ್ತುವರು. ಇನ್ಸ್‌ಪೆಕ್ಟರು ಮೇಲೆ ಗಾಡಿ ನಿಲ್ಲಿಸಿ, ಗೆದ್ದ ಸೇನಾಪತಿಯ ಹಾಗೆ ಕಾಯುವರು. ಎಲ್ಲ ಸುಗಮವಾಗಿಯೇ ನಡೆದಿತ್ತು, ಆ ಹಾಳು ತಕ್ಕಡಿಯ ದಿನದ ತನಕ.

ಕಾಫಿ ಕುಯ್ಲಿನ ಕಾಲ. ಶ್ರೀಮಂಗಲದ ಕಡೆಯ ಒಂದು ಎಸ್ಟೇಟಿನಲ್ಲಿ ಹೊಸ ತೂಕದ ಯಂತ್ರ ಬಂದಿತ್ತು. ಮೂಟೆಗಳನ್ನಿಟ್ಟು ತೂಗುವ ದೊಡ್ಡ ಯಂತ್ರ. ಕಾಫಿ ಪಿಕ್ಕಿಂಗಿನ ಹೆಂಗಸರು, ಲೆಕ್ಕ ಬರೆಯುವ ರೈಟರು, ಗಾಡಿ ಹೊಡೆಯುವವರು ಎಲ್ಲ ಸುತ್ತ ನೆರೆದಿದ್ದರು. ಅಷ್ಟು ಜನ ನೋಡಿ ಇನ್ಸ್‌ಪೆಕ್ಟರಿಗೆ ಹುರುಪು ಹತ್ತಿತು.

"ಏ ಇಲ್ನೋಡು, ಬಾ ಇಲ್ಲಿ. ಇದರ ಮೇಲೆ ನಿಲ್ಲು."

"ಬೇಡಾಂದ್ರೆ. ಎಲ್ರೂ ನೋಡ್ತಿದ್ದಾರೆ."

"ನಿಲ್ಲು ಅಂದ್ರೆ ನಿಲ್ಲು!"

ಅನ್ನಪೂರ್ಣಮ್ಮ ನಿಂತರು. ಇನ್ಸ್‌ಪೆಕ್ಟರು ಮುಳ್ಳನ್ನು ನೋಡಿದರು, ಕನ್ನಡಕ ಸರಿಪಡಿಸಿಕೊಂಡರು, ಸರ್ಕಾರಿ ಗಂಟಲಿನಲ್ಲಿ ಸಾರಿದರು:

"ನೂರ ಮೂವತ್ತೆರಡು ರಾತಲು!"

ಜನ ಕಿಸಕ್ಕೆಂದರು. ಅಲ್ಲಿಗೆ ಬಿಟ್ಟಿದ್ದರೂ ಆಗುತ್ತಿತ್ತು. ಆದರೆ ಜನ ನಕ್ಕರೆ ಇನ್ಸ್‌ಪೆಕ್ಟರಿಗೆ ನಾಲಿಗೆ ನಿಲ್ಲದು. "ಸುಮ್ನೆ ಅಲ್ಲ ಕಣ್ರಪ್ಪಾ, ನಮ್ಮ ಗಾಡಿ ಮೇಕೇರಿ ಏರು ಹತ್ತದೆ ಇರೋದು!" ಎಂದರು. ಈ ಸಲ ಕಣದ ನಾಯಿಯೊಂದು ಬಿಟ್ಟು ಉಳಿದವರೆಲ್ಲ ನಕ್ಕರು.

ಅನ್ನಪೂರ್ಣಮ್ಮ ಯಂತ್ರದಿಂದ ಇಳಿದರು. ಸೆರಗು ಸರಿಮಾಡಿಕೊಂಡರು. ಮೋಟಾರ್ ಸೈಕಲ್ಲಿನ ಕಡೆಗೆ ಬರಲಿಲ್ಲ, ನೇರವಾಗಿ ರಸ್ತೆಗೆ ನಡೆದರು. ಕುಟ್ಟದ ಬಸ್ಸು ಬರುತ್ತಿತ್ತು. ಡ್ರೈವರ್ ಜವರಯ್ಯನಿಗೆ ಕೈ ಅಡ್ಡ ಹಿಡಿದು ಹತ್ತಿಯೇಬಿಟ್ಟರು.

"ಇಷ್ಟು ಭಾರ ನಿಮಗ್ಯಾಕೆ? ಹಗುರಾಗಿ ಹೋಗಿ!" ಎಂದು ಕಿಟಕಿಯಿಂದ ಹೇಳಿದ್ದೇ ಕೊನೆಯ ಮಾತು. ಅವರ ತಂದೆ ಶ್ರೀಮಂಗಲದ ಹತ್ತಿರದ ಒಂದು ದೇವಸ್ಥಾನದ ಅರ್ಚಕರು. ತವರುಮನೆ ಬಸ್ಸು ನಿಲ್ಲುವ ಜಾಗದಿಂದ ನಾಲ್ಕು ಹೆಜ್ಜೆ.

"ತಾನಾಗಿ ಹೋದವಳು ತಾನಾಗಿ ಬರಲಿ!" ಎಂದುಕೊಂಡರು ಇನ್ಸ್‌ಪೆಕ್ಟರು. ಗಾಡಿ ತಿರುಗಿಸಿಕೊಂಡು ಮಡಿಕೇರಿಗೆ ಹೊರಟರು. ಗೋಣಿಕೊಪ್ಪದ ಹತ್ತಿರ ಗಾಡಿ ನಿಧಾನ ಮಾಡುತ್ತಿದ್ದ ಹಾಗೆಯೇ, ಹ್ಯಾಂಡಲ್ಲು ಎಡಕ್ಕೂ ಬಲಕ್ಕೂ ಗಡಗಡ ನಡುಗಿತು. ಇನ್ಸ್‌ಪೆಕ್ಟರ ಕೈ ನಡುಗಿತು, ತೋಳು ನಡುಗಿತು, ಕನ್ನಡಕ ಮೂಗಿನ ತುದಿಗೆ ಇಳಿದು ಕುಣಿಯಿತು. ಏದುಸಿರು ಬಿಡುವ ಮೇಕೇರಿಯ ಏರೊಂದನ್ನು ಬಿಟ್ಟರೆ ಹಿಂದೆಲ್ಲೂ ಹೀಗಾಗಿರಲಿಲ್ಲ.

ಈಗ ಯಾರಿಗಾದರೂ ಗೊತ್ತಾಗಬೇಕಲ್ಲವೇ, ನಡುಕ ಶುರುವಾದದ್ದು ಯಾವಾಗ, ಯಾಕೆ ಎಂದು? ಇನ್ಸ್‌ಪೆಕ್ಟರಿಗೆ ಗೊತ್ತಾಗಲಿಲ್ಲ. ಅವರು ಸ್ಪಾನರ್ ಕೊಂಡರು.

ಮಡಿಕೇರಿ ಬಸ್ ಸ್ಟ್ಯಾಂಡಿನ ಕೆಳಗೆ ತಗಡಿನ ಶೆಡ್ಡಿನಲ್ಲಿ ಕೂಸಪ್ಪ ಎಂಬ ಮೆಕ್ಯಾನಿಕ್ಕಿದ್ದ. ಬರ್ಮಾದಲ್ಲಿ ಮಿಲಿಟರಿ ಲಾರಿ ರಿಪೇರಿ ಮಾಡಿದವನು. ಬರ್ಮಾ ಗೆದ್ದದ್ದೇ ತನ್ನ ಸ್ಕ್ರೂಡ್ರೈವರಿನಿಂದ ಎಂಬಂತೆ ಮಾತಾಡುವವನು. ಅವನು ಗಾಡಿಗೆ ಒಂದು ಸುತ್ತು ಬಂದು ಹ್ಯಾಂಡಲ್ಲಿನ ಬುಡಕ್ಕೆ ಎರಡು ತಟ್ಟಿ ತೀರ್ಪು ಕೊಟ್ಟ.

"ಎಂತ ನೋಡುವುದು ಸಾರ್ ಇದ್ರಲ್ಲಿ! ಒಳಗಿನ ಬಾಲುಗಳು ಸವೆದು ಹೋಗಿಯುಂಟು. ಬಿಟ್ಟು ಹೋಗಿ, ನಾನು ಮಾಡಿ ಇಡ್ತೇನೆ."

"ಬೇಡ. ಎಂಥ ಬಾಲು, ಎಲ್ಲಿರುತ್ತೆ, ಅಷ್ಟು ಹೇಳು. ನಾನೇ ಮಾಡ್ಕೋತೀನಿ."

"ಅದೆಲ್ಲ ನಿಮ್ಮಿಂದ ಆಗುವ ಕೆಲಸ ಅಲ್ಲ ಮಾರಾಯ್ರೆ!"

ಈ ಮಾತು ಕೇಳಿದ ಮೇಲೆಯೇ ಇನ್ಸ್‌ಪೆಕ್ಟರು ಕಾಗೆಯ ಮುಂದೆ ಆ ಘೋಷಣೆ ಮಾಡಿದ್ದು.

ಹ್ಯಾಂಡಲ್ಲನ್ನು ಬಿಚ್ಚಿದರು. ಬುಡದಲ್ಲಿ ಎರಡು ಬಟ್ಟಲು, ಬಟ್ಟಲಿನ ತುಂಬ ಉಕ್ಕಿನ ಸಣ್ಣ ಸಣ್ಣ ಬಾಲುಗಳು. ಸರಿಯಾಗಿಯೇ ಬಿಚ್ಚಿದ್ದರು, ಆದರೆ ಕೆಳಗಿನ ಬಟ್ಟಲು ಇದೆಯೆಂಬುದು ಅದು ಬಿದ್ದ ಮೇಲೆ ತಿಳಿಯಿತು. ಮಡಿಕೇರಿಯಲ್ಲಿ ಏನಾದರೂ ಕೈಜಾರಿ ಬಿದ್ದರೆ ಅದು ಬಿದ್ದಲ್ಲಿ ಇರುವುದಿಲ್ಲ, ಕೆಳಗಿನ ಬೀದಿಯಲ್ಲಿರುತ್ತದೆ! ಬಾಲುಗಳು ಅಂಗಳ ದಾಟಿದವು, ಮೆಟ್ಟಿಲಿಳಿದವು, ಚರಂಡಿ ಹಿಡಿದು ಸಂತೆಯ ಕಡೆಗೆ ಹೊರಟವು. ಇನ್ಸ್‌ಪೆಕ್ಟರು ಪಂಚೆ ಮೇಲೆತ್ತಿ ಕಟ್ಟಿಕೊಂಡು ಹಿಂದೆ ಓಡಿದರು. ಕೆಳಗಿನ ಮನೆಯ ಕೋಳಿಯೊಂದು ಕಾಳೆಂದು ನುಂಗಲು ನೋಡಿ, ಉಗುಳಿ, ಇನ್ಸ್‌ಪೆಕ್ಟರ ಕಡೆಗೆ ಕೆಟ್ಟ ನೋಟ ಬೀರಿತು.

ಹೊಸ ಬಾಲು, ಹೊಸ ಗ್ರೀಸು ಹಾಕಿ ಬಿಗಿದರು. ನಡುಕ ಹೋಗಲಿಲ್ಲ.

"ಹಾಗಾದ್ರೆ ಟಯರಿನ ಗಾಳಿ ಸಾರ್" ಎಂದ ಕೂಸಪ್ಪ. ಗಾಳಿ ಹೆಚ್ಚು ಮಾಡಿದರು, ಕಡಿಮೆ ಮಾಡಿದರು. ಹೋಗಲಿಲ್ಲ. "ಹಾಗಾದ್ರೆ ಚಕ್ರ ಸೊಟ್ಟ ಉಂಟು" ಎಂದ. ಒಂದು ಭಾನುವಾರವಿಡೀ ಕೂತು ಮುಂದಿನ ಚಕ್ರದ ಕಡ್ಡಿಗಳನ್ನು ಒಂದೊಂದಾಗಿ ಬಿಗಿದರು. ಮೊದಲು ನೆಟ್ಟಗಿದ್ದ ಚಕ್ರ ಈಗ ನಿಜವಾಗಿಯೂ ಸೊಟ್ಟಗಾಯಿತು. ಅದನ್ನು ಸರಿಮಾಡಲು ಇನ್ನೊಂದು ಭಾನುವಾರ. ಹ್ಯಾಂಡಲ್ಲಿನ ನಡುಕ ಮಾತ್ರ ಇದ್ದ ಹಾಗೆಯೇ ಇತ್ತು.

"ನಾನು ಬರ್ಮಾದಲ್ಲೂ ಇಂಥದ್ದು ಕಂಡದ್ದಿಲ್ಲ" ಎಂದು ಕೂಸಪ್ಪ ತಲೆ ಕೆರೆದುಕೊಂಡ. "ಹ್ಯಾಂಡಲ್ ನಡುವಲ್ಲಿ ಆ ದೊಡ್ಡ ತಿರುಪು ಉಂಟಲ್ಲ, ನಡುಕ ತಡೆಯುವುದಕ್ಕೇ ಇರುವುದು ಅದು. ಸ್ವಲ್ಪ ಬಿಗಿ ಮಾಡಿ ನೋಡಿ."

ಸ್ವಲ್ಪ ಎಂಬ ಮಾತು ಇನ್ಸ್‌ಪೆಕ್ಟರ ಸ್ವಭಾವದಲ್ಲಿಲ್ಲ. ಹಲ್ಲು ಕಚ್ಚಿ, ಕಾಲು ಊರಿ, ಇನ್ನು ತಿರುಗದು ಎನ್ನುವ ತನಕ ತಿರುಗಿಸಿದರು. ಆಹಾ! ನಡುಕ ಮಾಯ! ಹ್ಯಾಂಡಲ್ಲು ಬಂಡೆಯಂತೆ ನಿಂತಿತು. ಇನ್ಸ್‌ಪೆಕ್ಟರು ಹಾಡಿಕೊಳ್ಳುತ್ತ ಮೂರ್ನಾಡಿನ ಕಡೆಗೆ ಹೊರಟರು. ಮೊದಲ ತಿರುವಿನಲ್ಲಿ ರಸ್ತೆ ಬಲಕ್ಕೆ ತಿರುಗಿತು. ಹ್ಯಾಂಡಲ್ಲು ತಿರುಗಲಿಲ್ಲ. ಬಂಡೆಯಂತೆ ನಿಂತದ್ದು ಹಾಗೆಯೇ ನಿಂತಿತ್ತು! ಗಾಡಿ ನೆಟ್ಟಗೆ ಹೋಗಿ, ಬೇಲಿ ಮುರಿದು, ಯಾರದೋ ಕಣದಲ್ಲಿ ಹರವಿದ್ದ ಕಾಫಿಯ ನಡುವೆ ನಿಂತಿತು. ಕಣದ ಯಜಮಾನಿ ಮುತ್ತಮ್ಮ ಪೊರಕೆ ಹಿಡಿದು ಬಂದರು.

"ಏನ್ ಇನ್ಸ್‌ಪೆಕ್ಟ್ರೇ, ಕಾಫಿ ತೂಕ ನೋಡ್ಲಿಕ್ಕೆ ಬಂದದ್ದೋ? ತೂಕ ನೋಡ್ಲಿಕ್ಕೆ ಚಕ್ರ ಹತ್ತಿಸ್ಬೇಕಾ?"

"ಇಲ್ಲಮ್ಮ... ಅದು... ತಿರುಪು..."

"ಮನೆಯವ್ರು ಎಲ್ಲಿ? ಯಾವಾಗ್ಲೂ ಪಕ್ಕದಲ್ಲಿ ಕೂತು 'ಮುಂದೆ ನೋಡಿ, ಮುಂದೆ ನೋಡಿ' ಅಂತಿದ್ರಲ್ಲ?"

ಇನ್ಸ್‌ಪೆಕ್ಟರು ಗಾಡಿಯಿಂದಿಳಿದರು. ಕುಕ್ಕರಗಾಲಲ್ಲಿ ಕೂತು, ಚದುರಿದ ಕಾಫಿಯನ್ನು ಕೈಯಿಂದಲೇ ರಾಶಿ ಮಾಡಿ ಕೊಟ್ಟರು.

ಮನೆಗೆ ಬಂದರೆ ಮನೆ ಮೂಕ. ಅನ್ನ ಮಾಡಿಕೊಂಡರು, ಸಾರು ಮಾಡಿಕೊಂಡರು. ಅಭ್ಯಾಸಬಲದಿಂದ ಎರಡು ತಟ್ಟೆ ಇಟ್ಟರು. ಒಂದನ್ನು ಎತ್ತಿ ಒಳಗಿಟ್ಟರು. "ಸಾರಿಗೆ ಉಪ್ಪು ಹೆಚ್ಚಾಯ್ತು" ಎಂದು ಗಟ್ಟಿಯಾಗಿಯೇ ಗೊಣಗಿದರು. "ಹಾಗಾದ್ರೆ ನೀವೇ ಮಾಡ್ಕೊಳಿ" ಎಂದು ಯಾರೂ ಅನ್ನಲಿಲ್ಲ. ಅವರೇ ಮಾಡಿಕೊಂಡದ್ದಲ್ಲವೇ! ಹೆಂಡತಿ ಬೇಕಿತ್ತು ಅವರಿಗೆ. ತುಂಬಾ ಬೇಕಿತ್ತು. "ಬಾ" ಎಂಬ ಒಂದಕ್ಷರ ಹೇಳಿದ್ದರೆ ಸಾಕಿತ್ತು. ಬೇರೆಯವರ ಬಾಯಲ್ಲಿ ಬೀದಿಗೆಲ್ಲ ಕೇಳುವಂತೆ ತಪ್ಪೊಪ್ಪಿಸಿದ ಮನುಷ್ಯನಿಗೆ ಆ ಒಂದಕ್ಷರ ಹೊರಡಲಿಲ್ಲ.

ಕುಟ್ಟಕ್ಕೆ ತಪಾಸಣೆಗೆ ಹೋಗುವಾಗ ಶ್ರೀಮಂಗಲ ಹಾದೇ ಹೋಗಬೇಕು. ಮಾವನ ಮನೆಯ ಮುಂದೆ ಬೇಕೆಂದೇ ನಿಧಾನ ಮಾಡುವರು. ಪೋಂ ಪೋಂ ಎಂದು ಹಾರ್ನ್ ಹಿಸುಕುವರು, ಎದುರಿಗೆ ಒಂದು ಇರುವೆ ಇಲ್ಲದಿದ್ದರೂ. ನಿಲ್ಲಿಸುವುದು ಮಾತ್ರವಿಲ್ಲ. ಒಮ್ಮೆ ಬಾಗಿಲ ಹತ್ತಿರ ಒಂದು ಸೆರಗು ಕಂಡಂತಾಯಿತು. ಅತ್ತೆಯದೋ ಏನೋ. ನಿಧಾನ ಮಾಡಿದ್ದಕ್ಕೆ ಹ್ಯಾಂಡಲ್ಲು ಗಡಗಡ ನಡುಗುತ್ತಿತ್ತು, ಆದ್ದರಿಂದ ಸರಿಯಾಗಿ ನೋಡಲೂ ಆಗಲಿಲ್ಲ.

ಬೇಸಗೆ ಬಂತು. ಒಂದು ದಿನ ಫ್ರೇಜರ್‌ಪೇಟೆಯಿಂದ ಮರಳುವಾಗ ಒಬ್ಬ ರೈತ ಪ್ರೀತಿಯಿಂದ ಒಂದು ಹಲಸಿನಹಣ್ಣು ಕೊಟ್ಟ. ಹಣ್ಣೆಂದರೆ ಹಣ್ಣೇ! ಅದನ್ನು ಇಬ್ಬರು ಹೊತ್ತು ತಂದು ತೊಟ್ಟಿಲಲ್ಲಿ ಕೂರಿಸಿದರು. ಗಾಡಿ ಹೊರಟಿತು. ಇನ್ಸ್‌ಪೆಕ್ಟರು ಎಂದಿನಂತೆ ಹಲ್ಲು ಕಚ್ಚಿ ಕಾದರು. ಹ್ಯಾಂಡಲ್ಲು ನಡುಗಿತು, ಆದರೆ ಬೇಕೋ ಬೇಡವೋ ಎನ್ನುವಂತೆ ಒಂದಿಷ್ಟೇ! ಮನೆ ತಲುಪಿದರು. ಒಬ್ಬರೇ ಅಷ್ಟು ದೊಡ್ಡ ಹಲಸಿನಹಣ್ಣು ಬಿಡಿಸಿ ಯಾರಿಗೆ ಕೊಡುವುದು? ಬೀದಿಗೆಲ್ಲ ಹಂಚಿದರು. ಮರುದಿನ ತೊಟ್ಟಿಲು ಖಾಲಿ. ಗಡಗಡ ಗಡಗಡ!

ರಸ್ತೆಯ ನಡುವೆಯೇ ಗಾಡಿ ನಿಲ್ಲಿಸಿ ಇನ್ಸ್‌ಪೆಕ್ಟರು ಹಣೆ ಹಣೆ ಬಡಿದುಕೊಂಡರು. ಬಾಲಲ್ಲ, ಗಾಳಿಯಲ್ಲ, ಚಕ್ರವಲ್ಲ. ತೊಟ್ಟಿಲು ಖಾಲಿ! ಎಡಗಡೆ ಭಾರವಿಲ್ಲದೆ ಗಾಡಿ ಅಳ್ಳಾಡುತ್ತಿದೆ. ಈ ಗಾಡಿ ಒಂದು ತೂಕಕ್ಕೆ ಒಗ್ಗಿಬಿಟ್ಟಿದೆ. ಆ ತೂಕ ಎಷ್ಟೆಂದು ಇಡೀ ರಾಜ್ಯದಲ್ಲಿ ಅವರಿಗಿಂತ ಚೆನ್ನಾಗಿ ಬಲ್ಲವರು ಯಾರು?

ಒಂದು ಗಳಿಗೆ ಅವರ ಮನಸ್ಸಿಗೆ ಸರಿಯಾದ ಯೋಚನೆಯೇ ಬಂದಿತ್ತು. ಗಾಡಿಯನ್ನು ಶ್ರೀಮಂಗಲದ ಕಡೆಗೆ ತಿರುಗಿಸಿಯೂ ಇದ್ದರು. ಅಷ್ಟರಲ್ಲಿ ಅಹಂಕಾರ ಎದ್ದು ಕೂತಿತು. "ಭಾರ ತಾನೇ ಬೇಕು? ಭಾರಕ್ಕೇನು ಬರಗಾಲ!"

ಅಡುಗೆಮನೆಯ ಮೂಲೆಯಲ್ಲಿ ಅನ್ನಪೂರ್ಣಮ್ಮನ ಒರಳುಕಲ್ಲು ಇತ್ತು. ತವರಿನಿಂದ ಬಂದದ್ದು. ಕೈಯಾಡಿದ ಕಡೆಯೆಲ್ಲ ನುಣುಪಾಗಿತ್ತು. ಅವರು ಹೋದ ಮೇಲೆ ಅದರಲ್ಲಿ ಒಂದು ಚಮಚ ಚಟ್ನಿಯೂ ಹುಟ್ಟಿರಲಿಲ್ಲ. ಬಾಳೆದಿಂಡುಗಳನ್ನು ಹಾಸಿ, ಅವುಗಳ ಮೇಲೆ ಜಾರಿಸಿ, ಸೊಂಟ ಹಿಡಿದುಕೊಂಡು ನರಳಿ, ಅಂಗಳಕ್ಕೆ ತಂದರು. ಕಚೇರಿಯ ದೊಡ್ಡ ತಕ್ಕಡಿ ತರಿಸಿ ಸರ್ಕಾರಿ ಮುದ್ರೆಯ ತೂಕದ ಕಲ್ಲುಗಳನ್ನಿಟ್ಟು ತೂಗಿದರು. ಸ್ವಲ್ಪ ಕಡಿಮೆ ಬಂತು. ರುಬ್ಬುವ ಗುಂಡನ್ನೂ ಜೊತೆಗಿಟ್ಟರು. ಮುಳ್ಳು ನೆಟ್ಟಗೆ ನಿಂತಿತು. ನೂರ ಮೂವತ್ತೆರಡು ರಾತಲು!

ಒರಳು, ಗುಂಡು ಎರಡೂ ತೊಟ್ಟಿಲೇರಿದವು. ನಡುಕ ಹೋಯಿತು. ಪೂರ್ತಿ ಹೋಯಿತು! ಆ ಸಂಜೆ ಇನ್ಸ್‌ಪೆಕ್ಟರು ಬೆರಳ ತುದಿಯಲ್ಲಿ ಗಾಡಿ ಓಡಿಸಿದರು. ಖುಷಿಯಲ್ಲಿ ಎಡಕ್ಕೆ ತಿರುಗಿ, "ಏ ಇಲ್ನೋಡು, ಹೆಂಗಿದೆ ಈಗ!" ಎಂದರು. ಒರಳುಕಲ್ಲು ಏನೂ ಹೇಳಲಿಲ್ಲ.

ಮಳೆ ಹಿಡಿಯಿತು. ತೊಟ್ಟಿಲಲ್ಲಿ ನೀರು ನಿಂತರೆ ತೂಕ ತಪ್ಪುತ್ತದಲ್ಲ! ಇನ್ಸ್‌ಪೆಕ್ಟರು ಸಂತೆಯಿಂದ ಒಂದು ಗೊರಬು ತಂದರು. ನಾಟಿ ಮಾಡುವ ಹೆಂಗಸರು ಮಳೆಗೆಂದು ತಲೆಯಿಂದ ಸೊಂಟದ ತನಕ ಬೆನ್ನ ಮೇಲೆ ಹೊದ್ದುಕೊಳ್ಳುವ, ಎಲೆ ಮತ್ತು ಬಿದಿರಿನ ಗೊರಬು. ಒರಳಿನ ಮೇಲೆ ಅದನ್ನು ಕವುಚಿದರು. ಗಾಳಿಗೆ ಹಾರಿಹೋಗದಂತೆ ಸುತ್ತ ಒಂದು ಕಂಬಳಿ ಸಿಕ್ಕಿಸಿದರು. ಆಗ ಅದು ಯಾರ ಕಣ್ಣಿಗೆ ಏನಾಗಿ ಕಾಣುತ್ತದೆ ಎಂದು ಅವರಿಗೆ ಹೊಳೆಯಲೇ ಇಲ್ಲ. ಅವರಿಗೆ ಅದು ನೂರ ಮೂವತ್ತೆರಡು ರಾತಲು, ಅಷ್ಟೇ.

ಅಷ್ಟೇ ಎಂದರೆ ಸುಳ್ಳಾಗುತ್ತದೆ. ದಿನ ಕಳೆದಂತೆ ಅವರು ಅದರ ಜೊತೆ ಮಾತಾಡತೊಡಗಿದರು. ಮೊದಮೊದಲು ಒಂದೆರಡು ಮಾತು, ಆಮೇಲೆ ದಾರಿಯುದ್ದಕ್ಕೂ. "ಇವತ್ತು ಸಾರು ಚೆನ್ನಾಗಿತ್ತು, ನೀನಿದ್ದಿದ್ರೆ ನಂಬ್ತಿರ್ಲಿಲ್ಲ." "ಮುತ್ತಮ್ಮ ನಿನ್ನ ಕೇಳಿದ್ರು ಕಣೆ." ಕಂಬಳಿ ಜಾರಿದರೆ ಓಡಿಸುತ್ತಲೇ ಎಡಗೈ ಚಾಚಿ ಮೆಲ್ಲಗೆ ಸರಿಪಡಿಸುವರು. ತಮ್ಮ ಮಾತಿಗೆ ತಾವೇ ನಗುವರು. ಒಮ್ಮೆ ಹಿಂದಿನಿಂದ ಬಂದ ಜವರಯ್ಯನ ಬಸ್ಸು ಅವರನ್ನು ದಾಟುವಾಗ ಯಾಕೋ ಬಹಳ ನಿಧಾನ ಮಾಡಿತು. ಕಿಟಕಿಗೊಂದು ತಲೆ ಹೊರಗೆ ಬಂತು. ಇನ್ಸ್‌ಪೆಕ್ಟರು ತಮ್ಮ ಜನಪ್ರಿಯತೆಗೆ ಹಿಗ್ಗಿ ಕೈ ಬೀಸಿದರು.

ಕೂಸಪ್ಪನೂ ಒಂದು ದಿನ ಶೆಡ್ಡಿನಿಂದಲೇ ಕೂಗಿದ. "ಸಾರ್, ಗಾಡಿ ಈಗ ನೆಟ್ಟಗೆ ಹೋಗ್ತದಂತೆ?"

"ಹೋಗದೆ ಏನು! ನಿನ್ನ ಬರ್ಮಾ ವಿದ್ಯೆಯಿಂದ ಆಗದ್ದು ನನ್ನಿಂದ ಆಯ್ತು!"

"ಜೊತೆಗೆ ಯಾರೋ ಉಂಟಂತಲ್ಲ..." ಕೂಸಪ್ಪ ನೆಲ ನೋಡಿಕೊಂಡು ಕೇಳಿದ.

"ಇಷ್ಟು ದಿನ ನನಗೆ ಯಾಕೆ ಹೊಳೀಲಿಲ್ಲವೋ ಕಾಣೆ ಕಣಯ್ಯಾ! ತೂಕ ಸರಿಯಾಗಿದೆ, ಎದುರು ಮಾತಿಲ್ಲ!"

ಕೂಸಪ್ಪ ಬಾಯಿ ಬಿಟ್ಟುಕೊಂಡು ನಿಂತ. ತಮ್ಮ ವಿದ್ಯೆಗೆ ಬೆರಗಾಗಿದ್ದಾನೆ ಎಂದುಕೊಂಡು ಇನ್ಸ್‌ಪೆಕ್ಟರು ಹೊರಟರು.

ಮತ್ತೆ ಕುಟ್ಟದ ತಪಾಸಣೆ ಬಂತು. ಜಿಟಿಜಿಟಿ ಮಳೆ. ಶ್ರೀಮಂಗಲ ಹತ್ತಿರವಾಯಿತು. ಬಸ್ಸು ನಿಲ್ಲುವ ಜಾಗದಲ್ಲಿ ಮಡಿಕೇರಿಗೆ ಹೋಗುವ ಜವರಯ್ಯನ ಬಸ್ಸು ನಿಂತಿತ್ತು. ಅದರ ಪಕ್ಕದಲ್ಲಿ ಒಂದು ಟ್ರಂಕು. ಟ್ರಂಕಿನ ಪಕ್ಕದಲ್ಲಿ, ಕೊಡೆ ಹಿಡಿದು, ಅನ್ನಪೂರ್ಣಮ್ಮ!

ಒರಳುಕಲ್ಲು ತನ್ನ ಜಾಗದಲ್ಲೇ ಇತ್ತು. ಆದರೂ ಹ್ಯಾಂಡಲ್ಲು ನಡುಗಿತು. ಈ ಸಲ ಅದು ಗಾಡಿಯ ತಪ್ಪಲ್ಲ. ಇನ್ಸ್‌ಪೆಕ್ಟರ ಕೈಗಳೇ ನಡುಗುತ್ತಿದ್ದವು.

ಅನ್ನಪೂರ್ಣಮ್ಮ ಕೊಡೆ ಮಡಚಿ, ರಸ್ತೆಯ ನಡುವೆ ಬಂದು, ಕೊಡೆಯನ್ನೇ ಅಡ್ಡ ಹಿಡಿದರು. "ಇಳಿಸಿ ಅವಳನ್ನ!"

"ಯಾರನ್ನ?" ಇನ್ಸ್‌ಪೆಕ್ಟರು ಕಂಗಾಲಾದರು.

"ಏನೂ ಗೊತ್ತಿಲ್ಲದವರ ಹಾಗೆ ಆಡ್ಬೇಡಿ! ಜವರಯ್ಯ ಎಲ್ಲಾ ಹೇಳಿದಾನೆ. ಅದಕ್ಕೇ ಮಡಿಕೇರಿಗೆ ಹೊರಟಿದ್ದೆ ನಾನು."

ಜವರಯ್ಯ ಬಸ್ಸಿನ ಬಾಗಿಲಲ್ಲಿ ನಿಂತಿದ್ದ. "ನನ್ ಬಯ್ಬೇಡಿ ಸಾಮಿ. ಕಣ್ಣಾರ ಕಂಡಿದ್ನ ಅವ್ವಾರ್‌ಗೆ ಹೇಳ್ದೆ ಕನಾ. ನಗಾಡ್ಕಂಡು ಮಾತಾಡ್ತಿದ್ರಿ, ಕಂಬ್ಳಿ ಬ್ಯಾರೆ ಹೊದುಸ್ತಿದ್ರಿ! ನಮ್ ಬಸ್ನೋರೆಲ್ಲಾ ಸಾಕ್ಷಿ ಅವ್ರೆ."

"ಇಳಿಯೇ ಕೆಳಗೆ!" ಎಂದು ಅನ್ನಪೂರ್ಣಮ್ಮ ತೊಟ್ಟಿಲಿಗೆ ನುಗ್ಗಿ ಗೊರಬನ್ನು ಕಿತ್ತೆಸೆದರು. ಬಸ್ಸಿನ ಜನವೆಲ್ಲ ಕಿಟಕಿಗೆ ಮುಗಿಬಿದ್ದರು.

ಒರಳುಕಲ್ಲು ಮಳೆಯಲ್ಲಿ ಮಿನುಗುತ್ತ ಕೂತಿತ್ತು.

ಅನ್ನಪೂರ್ಣಮ್ಮ ಬಾಗಿ ಕಲ್ಲಿನ ಅಂಚನ್ನು ಸವರಿ ನೋಡಿದರು. ಆಮೇಲೆ ದನಿ ಜೋರಾಗಿಯೇ ಬಂತು.

"ನನ್ನ ಒರಳುಕಲ್ಲು! ಹೆಂಗಸಾಗಿದ್ರೂ ಕ್ಷಮಿಸ್ತಿದ್ದೆನೇನೋ! ನನ್ನ ತವರಿನ ಒರಳನ್ನ ಮಳೇಲಿ ಊರೂರು ಸುತ್ತಿಸ್ತಿದ್ದೀರಾ? ಅಲ್ಲಾ, ಮನೇಲಿ ರುಬ್ಬೋಕೆ ಏನು ಮಾಡ್ತಿದ್ದೀರಿ?"

"ರುಬ್ಬಿಲ್ಲ" ಎಂದರು ಇನ್ಸ್‌ಪೆಕ್ಟರು. "ಒಬ್ಬನಿಗೆ ಏನಂತ ರುಬ್ಕೊಳೋದು?"

ಅನ್ನಪೂರ್ಣಮ್ಮ ಕೊಡೆ ಬಿಚ್ಚಿ ಒರಳಿನ ಮೇಲೆ ಹಿಡಿದರು. ಇನ್ಸ್‌ಪೆಕ್ಟರು ತಲೆ ತಗ್ಗಿಸಿ ಎಲ್ಲ ಹೇಳಿದರು. ಅವರು ಹೋದ ದಿನವೇ ಹ್ಯಾಂಡಲ್ಲು ನಡುಗಲು ಶುರುವಾದದ್ದು, ಬಾಲುಗಳು, ಕಾಫಿ ಕಣ, ಹಲಸಿನಹಣ್ಣು. "ನೀನಿಲ್ಲದೆ ಗಾಡಿ ಓಡ್ತಿರ್ಲಿಲ್ಲ. ಅದಕ್ಕೇ ಸರಿಯಾಗಿ ನಿನ್ನಷ್ಟೇ ತೂಗಿ ಇಟ್ಕೊಂಡೆ."

"ಕರೆಯೋಕೆ ಬಾಯಿ ಇರ್ಲಿಲ್ವಾ? ಕಲ್ಲು ಎತ್ತೋಕೆ ಮಾತ್ರ ಸೊಂಟ ಇತ್ತಾ?"

ಇನ್ಸ್‌ಪೆಕ್ಟರು ಕಾಲಿನ ಹೆಬ್ಬೆರಳು ನೋಡಿಕೊಂಡರು.

"ಇದನ್ನ ಬಸ್ಸಿಗೆ ಹಾಕಿ. ನಾನು ಕೂತ್ಕೋತೀನಿ" ಎಂದರು ಅನ್ನಪೂರ್ಣಮ್ಮ.

ನಾಲ್ಕು ಜನ ಸೇರಿ ಒರಳು, ಗುಂಡು, ಟ್ರಂಕುಗಳನ್ನು ಬಸ್ಸಿಗೇರಿಸಿದರು. "ಒಳ್ಳುಗೆ ಹೆಂಗುಸ್ರು ಸೀಟೇ ಕೊಡ್ಲಾ ಸಾಮಿ?" ಎಂದು ಜವರಯ್ಯ ಕೇಳಿದ್ದಕ್ಕೆ ಬಸ್ಸಿಗೆ ಬಸ್ಸೇ ನಕ್ಕಿತು. ಕುಟ್ಟದ ತಪಾಸಣೆಯನ್ನು ಅಲ್ಲೇ ಕೈಬಿಟ್ಟು ಇನ್ಸ್‌ಪೆಕ್ಟರು ಗಾಡಿಯನ್ನು ಮಡಿಕೇರಿಯ ಕಡೆಗೆ ತಿರುಗಿಸಿದರು. ಅನ್ನಪೂರ್ಣಮ್ಮ ತೊಟ್ಟಿಲಲ್ಲಿ ಕೂತರು. ಇನ್ಸ್‌ಪೆಕ್ಟರು ಲೋಕ ಗೆದ್ದವರಂತೆ ಗಾಡಿ ಬಿಟ್ಟರು. ಬಸ್ಸಿನ ಮೂತಿಯನ್ನು ದಾಟಿದ್ದರೋ ಇಲ್ಲವೋ, ಗಡಗಡ ಗಡಗಡ!

"ಏನ್ರೀ ಇದು, ಹಿಂಗ್ ನಡುಗ್ತಿದೆ?"

ಇನ್ಸ್‌ಪೆಕ್ಟರು ಗಾಡಿ ನಿಲ್ಲಿಸಿದರು. ತಿರುಗಿ, ಅಂದು ಮೊದಲ ಸಲ, ಹೆಂಡತಿಯನ್ನು ಸರಿಯಾಗಿ ನೋಡಿದರು. ಕೆನ್ನೆ ಒಳಗೆ ಹೋಗಿತ್ತು. ಕೈಯ ಬಳೆಗಳು ಜಾರಿ ಮೊಣಕೈಗೆ ಬಂದಿದ್ದವು.

"ಎಷ್ಟು ಇಳಿದುಹೋಗಿದ್ದೀಯೆ!"

"ತವರಿನ ಊಟ ಮೈಗೆ ಹತ್ತಲಿಲ್ಲ."

"ಯಾಕೆ?"

"ಯಾಕೆ ಅಂತ ನನ್ನೇ ಕೇಳಿ!" ಅನ್ನಪೂರ್ಣಮ್ಮ ಮುಖ ಆಚೆ ತಿರುಗಿಸಿದರು. "ಹಾರ್ನ್ ಕೇಳಿದಾಗೆಲ್ಲ ಬಾಗಿಲಿಗೆ ಬರೋದು. ನಿಲ್ಲಿಸ್ತಾರೇನೋ ಅಂತ ಕಾಯೋದು."

ಆ ಸೆರಗು ಅತ್ತೆಯದಾಗಿರಲಿಲ್ಲ! ಇನ್ಸ್‌ಪೆಕ್ಟರ ಕೈ ಕನ್ನಡಕಕ್ಕೆ ಹೋಯಿತು. ಕಣ್ಣು ತುಂಬಿತು. ಮಳೆ ಬರುತ್ತಿದ್ದದ್ದು ಒಳ್ಳೆಯದಾಯಿತು.

ಅನ್ನಪೂರ್ಣಮ್ಮ ಸೆರಗಿನಿಂದ ಮುಖ ಒರೆಸಿಕೊಂಡು ಇತ್ತ ತಿರುಗಿದರು. ದನಿ ಬದಲಾಗಿತ್ತು. ಥೇಟ್ ಸರ್ಕಾರಿ ದನಿ!

"ಅವತ್ತು ಎಸ್ಟೇಟಲ್ಲಿ ಎಲ್ಲರೆದುರಿಗೆ ನನ್ನ ತೂಕ ಕೂಗಿದ್ರಲ್ಲ, ಆ ತೂಕ ಈಗ ಸರಿ ಇದೆಯಾ?"

"ಇಲ್ಲ..."

"ತಪ್ಪು ತೂಕ ಇಟ್ಕೊಂಡೋರಿಗೆ ನೀವೇನು ಮಾಡ್ತೀರಿ?"

ಇನ್ಸ್‌ಪೆಕ್ಟರು ಬಸ್ಸಿನ ಕಡೆ ನೋಡಿದರು. ಕಿಟಕಿಗಳ ತುಂಬ ತಲೆಗಳು. ಹೆಂಡತಿಯ ಕಡೆ ನೋಡಿದರು. ಬಳೆಗಳು ಇನ್ನೂ ಮೊಣಕೈಯಲ್ಲೇ ಇದ್ದವು. ಅವರು ಗಾಡಿಯಿಂದಿಳಿದು ರಸ್ತೆಯ ನಡುವೆ ನೆಟ್ಟಗೆ ನಿಂತರು.

"ನನ್ನ ತೂಕ ತಪ್ಪು!"

"ಕೇಳಿಸ್ಲಿಲ್ಲ ಸಾರ್!" ಬಸ್ಸಿನ ಹಿಂದಿನ ಕಿಟಕಿಯಿಂದ ಒಂದು ದನಿ ಬಂತು. ಕಿವಿಗೆ ಕೈ ಹಿಡಿದು, ಮುಖವೆಲ್ಲ ಹಲ್ಲಾಗಿ ಕೂತಿದ್ದವನು ಕುಟ್ಟದ ಬೊಳ್ಳಪ್ಪ!

"ನನ್ನ ತೂಕ ತಪ್ಪು!" ಇನ್ಸ್‌ಪೆಕ್ಟರು ಶ್ರೀಮಂಗಲಕ್ಕೆಲ್ಲ ಕೇಳುವಂತೆ ಕೂಗಿದರು. ಬೊಳ್ಳಪ್ಪನಿಗೆ ಆ ದಿನ ಕಿವಿ ಬಹಳ ಮಂದವಾಗಿತ್ತು. ಗಂಟಲು ಕಟ್ಟುವವರೆಗೆ ಕೂಗಿಸಿದ. ಕೊನೆಗೆ ಅನ್ನಪೂರ್ಣಮ್ಮನೇ, "ಸಾಕು ಬಿಡಿ, ನನಗೆ ಕೇಳಿಸ್ತು" ಎಂದರು.

ಆಮೇಲೆ ಬಸ್ಸಿನಿಂದ ರುಬ್ಬುವ ಗುಂಡನ್ನು ಇಳಿಸಿಕೊಂಡು ತಮ್ಮ ತೊಡೆಯ ಮೇಲೆ ಇಟ್ಟುಕೊಂಡರು. "ಈಗ ಬಿಡಿ ನೋಡೋಣ."

ಬಿಟ್ಟರು. ಹ್ಯಾಂಡಲ್ಲು ಅಲ್ಲಾಡಲಿಲ್ಲ. ಶ್ರೀಮಂಗಲ, ಗೋಣಿಕೊಪ್ಪ, ವಿರಾಜಪೇಟೆ ಎಲ್ಲ ಕಳೆದರೂ ಅಲ್ಲಾಡಲಿಲ್ಲ. ಕಟ್ಟಿದ ಗಂಟಲಿನಲ್ಲೇ ಇನ್ಸ್‌ಪೆಕ್ಟರು "ಏ ಇಲ್ನೋಡು" ಎಂದು ಪಿಸುಗುಡುತ್ತ ದಾರಿಯುದ್ದಕ್ಕೂ ಏನೇನೋ ಹೇಳಿದರು. ಅನ್ನಪೂರ್ಣಮ್ಮನಿಗೆ ಒಂದೂ ಕೇಳಿಸಲಿಲ್ಲ. ಎಲ್ಲದಕ್ಕೂ ಹೂಂಗುಟ್ಟಿದರು.

ಮೇಕೇರಿಯ ಏರು ಬಂತು. ಗಾಡಿ ಏದುಸಿರು ಬಿಟ್ಟಿತು, ಕೆಮ್ಮಿತು, ನಡು ಏರಿನಲ್ಲಿ ನಿಂತೇಬಿಟ್ಟಿತು.

"ನಾನು ಇಳೀಬೇಕಾ?" ಎಂದರು ಅನ್ನಪೂರ್ಣಮ್ಮ, ಗುಂಡನ್ನು ತಬ್ಬಿಕೊಂಡು.

ಇನ್ಸ್‌ಪೆಕ್ಟರು ಆಗಲೇ ಇಳಿದಿದ್ದರು. ಪಂಚೆ ಎತ್ತಿ ಕಟ್ಟುತ್ತಿದ್ದರು. "ಬೇಡ ಬೇಡ, ಕೂತಿರು! ನೀನು ಇಳಿದ್ರೆ ಹ್ಯಾಂಡಲ್ ನಡುಗುತ್ತೆ!"

"ನಿಂತ ಗಾಡಿ ಹ್ಯಾಂಡಲ್ ಯಾಕ್ರೀ ನಡುಗುತ್ತೆ?"

ಇನ್ಸ್‌ಪೆಕ್ಟರು ಪಂಚೆಯ ಗಂಟು ಬಿಗಿದರು. ಹ್ಯಾಂಡಲ್ಲಿಗೆ ಎದೆ ಕೊಟ್ಟು, ಹಲ್ಲು ಕಚ್ಚಿ, ಏರಿನಲ್ಲಿ ಗಾಡಿ ತಳ್ಳತೊಡಗಿದರು. ನಾಲ್ಕು ಹೆಜ್ಜೆ ತಳ್ಳುವುದು, ಎಡಕ್ಕೆ ತಿರುಗಿ ತೊಟ್ಟಿಲು ತುಂಬಿದೆಯೇ ಎಂದು ನೋಡುವುದು. ಮತ್ತೆ ನಾಲ್ಕು ಹೆಜ್ಜೆ, ಮತ್ತೆ ನೋಡುವುದು.

"ನಾನು ಎಲ್ಲೂ ಹೋಗಲ್ಲ" ಎಂದರು ಅನ್ನಪೂರ್ಣಮ್ಮ. "ಮುಂದೆ ನೋಡಿ ತಳ್ಳಿ!"